ಹಿತ್ತಾಳೆಗೆ ತುಕ್ಕು ಹಿಡಿಸಿದವರು

"ಬಿಗಿದೋರು ಯಾರು?"

ಕಚ್ಚಿಕೊಂಡ ಬೋಲ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಇದು. ಕಬ್ಬಿನ ಗಾಣ ನಿಂತು ಹಿಂಡಿದ ರಸ ಹುಳಿಯಾಗುತ್ತಿರಲಿ, ಪಂಪ್‌ಸೆಟ್ಟು ಕೆಟ್ಟು ನಾಟಿ ಹಾಕಿದ ಗದ್ದೆ ಬಿರುಕು ಬಿಡುತ್ತಿರಲಿ, ಉತ್ತರ ಬರುವವರೆಗೆ ಅವರ ಖಾಕಿ ಚೀಲದ ಬಾಯಿ ತೆರೆಯುತ್ತಿರಲಿಲ್ಲ. ಯಾರು ಬಿಗಿದರು, ಏನು ಹಿಡಿದು ಬಿಗಿದರು, ಎಷ್ಟು ಸುತ್ತು ಬಿಗಿದರು, ಎಲ್ಲ ಹೇಳಬೇಕು. "ಒಟ್ಟೆನೋವು ಅಂದ ತಕ್ಸಣ ಡಾಕ್ಟ್ರು ಮಾತ್ರೆ ಕೊಟ್ಬುಡ್ತಾರಾ? ನೆನ್ನೆ ಏನ್ ಉಂಡೆ ಅಂತ ಕೇಳಕ್ಕಿಲ್ವಾ? ಅಂಗೇಯ ಇದೂವೆ" ಎನ್ನುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಮಳವಳ್ಳಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲರ ಬಾಯಲ್ಲೂ ಅವರು ಫಿಟ್ಟರಯ್ಯ. ಪೂರಿಗಾಲಿ ಕಡೆಯ ಒಕ್ಕಲು ಮನೆತನ. ಹರೆಯದಲ್ಲೇ ಜಲಪಾತದ ಹತ್ತಿರದ ಬ್ಲಫ್ ಅನ್ನುವ ಊರಿಗೆ ಹೋಗಿ, ಅಲ್ಲಿನ ಕರೆಂಟು ತಯಾರಿಸುವ ಮನೆಯಲ್ಲಿ ಫಿಟ್ಟರಾಗಿ ಸೇರಿ, ತಲೆ ನರೆಯುವವರೆಗೆ ಅಲ್ಲೇ ದುಡಿದು, ರಿಟೈರಾದ ಮೇಲೆ ಮಳವಳ್ಳಿಗೆ ಬಂದು ಸಣ್ಣದೊಂದು ಮನೆ ಮಾಡಿಕೊಂಡಿದ್ದರು. ಸಣಕಲು ಆಳು. ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ. ಅದರ ಒಂದು ಕಾಲಿನ ಸ್ಕ್ರೂ ಬಿದ್ದುಹೋಗಿ ತಾಮ್ರದ ತಂತಿ ಸುತ್ತಿದ್ದರು. "ಊರ ಬೋಲ್ಟೆಲ್ಲ ನಿಮ್ಮ ಕೈಲಿ, ನಿಮ್ಮ ಕನ್ನಡಕಕ್ಕೆ ಒಂದು ಸ್ಕ್ರೂ ಇಲ್ವಲ್ಲ ಫಿಟ್ಟರಯ್ಯ" ಎಂದು ನಾನು ರೇಗಿಸಿದರೆ, "ನಂದು ಬಿಚ್ಚೋ ಕೆಲ್ಸ ಕಣವ್ವ, ಆಕೋದು ಬ್ಯಾರೆಯೋರ್ದು" ಎಂದು ನಗುತ್ತಿದ್ದರು.

ಬಿಚ್ಚುವ ಕೆಲಸದಲ್ಲಿ ಅವರಷ್ಟು ನಿಧಾನಸ್ಥರನ್ನು ನಾನು ಕಂಡಿಲ್ಲ. ಚೀಲದಲ್ಲಿ ಟಾನಿಕ್ ಬಾಟಲಿಯೊಂದರ ತುಂಬ ಹೊಂಗೆಎಣ್ಣೆ, ಸೀಮೆಎಣ್ಣೆ ಬೆರೆಸಿ ಇಟ್ಟಿರುತ್ತಿದ್ದರು. ಕೋಳಿಯ ಪುಕ್ಕ ಅದ್ದಿ ಬೋಲ್ಟಿನ ಮರೆಗಳ, ಅಂದರೆ ಸುತ್ತುಗೆರೆಗಳ, ಮೇಲೆ ಸವರಿ, ಗೋಡೆಗೆ ಒರಗಿ ಎಲೆ-ಅಡಿಕೆ ಬಾಯಿಗೆ ಹಾಕಿಕೊಂಡರೆ ಮುಗಿಯಿತು, ಇನ್ನು ದೇವರೇ ಬಂದು ಕರೆದರೂ ಏಳುತ್ತಿರಲಿಲ್ಲ. "ಎಣ್ಣೆಗೆ ಒಳೀಕ್ಕೋಗಕ್ಕೆ ಒತ್ತು ಬ್ಯಾಡ್ವಾ?" ಎನ್ನುವರು. ಎದ್ದ ಮೇಲೂ ತಕ್ಷಣ ಬಿಚ್ಚುವ ಕಡೆಗೆ ತಿರುಗಿಸುತ್ತಿರಲಿಲ್ಲ. ಮೊದಲು ಕೂದಲೆಳೆಯಷ್ಟು ಇನ್ನೂ ಬಿಗಿ ಮಾಡುತ್ತಿದ್ದರು. ನೋಡುವವರು, "ಅಯ್ಯೋ, ಅತ್ಲಾಗಲ್ಲ, ಇತ್ಲಾಗೆ!" ಎಂದು ಕೂಗಿಕೊಳ್ಳುತ್ತಿದ್ದರು. ಆ ಒಂದೆಳೆ ಬಿಗಿತದಲ್ಲಿ ಒಳಗೆ ಅಂಟಿದ್ದು ಕಿರ್ರೆಂದು ಬಿಡುತ್ತಿತ್ತು. ಆಮೇಲೆ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ, ಎಳೆ ಮಗುವಿನ ಕೈ ಹಿಡಿದು ನಡೆಸುವ ಹಾಗೆ. "ಬಾ ಮಗ, ಬಾ. ಯಾರೂ ಒಡಿಯಕ್ಕಿಲ್ಲ, ಬಾ" ಎಂದು ಬೋಲ್ಟಿಗೆ ಹೇಳುತ್ತಿದ್ದರು.

ಇಷ್ಟು ಮೃದು ಮನುಷ್ಯ ಬೋಲ್ಟು ಈಚೆ ಬಂದ ಮೇಲೆ ಬೇರೆಯೇ ಆಗಿಬಿಡುತ್ತಿದ್ದರು. ಅಂಗೈ ಮೇಲೆ ಇಟ್ಟುಕೊಂಡು ನೋಡಿ, ಬಿಗಿದವರು ಯಾರೆಂದು ಎಲ್ಲರೆದುರು ಹೇಳಿಬಿಡುವುದು. ಅದರಲ್ಲಿ ಮಾಟಮಂತ್ರ ಏನಿರಲಿಲ್ಲ. ಸ್ಪ್ಯಾನರು ಜಾರಿದ್ದರೆ ನಟ್ಟಿನ ಮೂಲೆ ಸವೆದಿರುತ್ತದೆ, ಸುತ್ತಿಗೆಯ ಏಟು ಯಾವ ಕಡೆಯಿಂದ ಬಿತ್ತು ಎನ್ನುವುದು ಗಾಯದಲ್ಲೇ ಕಾಣುತ್ತದೆ. ಕಂಡದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ, ಅಷ್ಟೇ.

ವೈದ್ಯನಾಥಪುರದ ಆಚೆ ಒಂದು ಆಲೆಮನೆ. ಅಣ್ಣತಮ್ಮಂದಿರು ಪಾಲಿನಲ್ಲಿ ನಡೆಸುತ್ತಿದ್ದದ್ದು. ಗಾಣದ ಬೋಲ್ಟು ತಲೆ ಮುರಿದು ಬುಡ ಒಳಗೇ ಉಳಿಯಿತು. ನೀನು ಮಾಡಿದ್ದು ಎಂದು ಅಣ್ಣ, ನೀನೇ ಮಾಡಿದ್ದು ಎಂದು ತಮ್ಮ. ಇವರು ಹೋಗಿ, ಮುರಿದ ಬುಡಕ್ಕೆ ನಡುವೆ ತೂತು ಕೊರೆದು, ಚೌಕದ ಮೊಳೆ ಬಡಿದು, ಅದನ್ನೇ ಹಿಡಿದು ತಿರುಗಿಸಿ ಈಚೆ ತೆಗೆದರು. ತೆಗೆದವರು ಸುಮ್ಮನೆ ಬರಬಾರದೆ? "ಎಡಗೈಯೋನು ಒಡೆದಿರೋದು ಕಣ್ಲಾ ಇದು" ಎಂದರು. ಇಬ್ಬರಲ್ಲಿ ಎಡಚ ತಮ್ಮ. ಅವತ್ತು ಬಿಟ್ಟ ಮಾತು ಅಣ್ಣತಮ್ಮಂದಿರ ನಡುವೆ ಮುಂದಿನ ಕಬ್ಬಿನವರೆಗೂ ಕೂಡಲಿಲ್ಲ. "ನಿಮಗೆ ಇದೆಲ್ಲ ಯಾಕೆ ಬೇಕಿತ್ತು?" ಎಂದು ನಾನು ಕೇಳಿದ್ದುಂಟು. "ಬೋಲ್ಟಿನ ಇಸ್ಯ ನಾನು ಏಳ್ದೆ. ಮನೆ ಇಸ್ಯ ಅವ್ರು ನೋಡ್ಕೋಬೇಕು. ಬೋಲ್ಟಿನ ಮುಂದೆ ಸುಳ್ಳೇಳಕ್ಕೆ ನನ್ ಕೈಲಾಗಕ್ಕಿಲ್ಲ" ಎಂದಿದ್ದರು.

ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಯಾಕೆಂದರೆ ಅವರು ಒಂದೇ ಒಂದು ಸಲ ಬೋಲ್ಟಿನ ಮುಂದೆ ಸುಳ್ಳು ಹೇಳಿದರು, ನಾನು ಅಲ್ಲೇ ನಿಂತಿದ್ದೆ.

ನಾನು ಮಂಡ್ಯದವಳು, ಪ್ರೈಮರಿ ಶಾಲೆ ಮೇಷ್ಟರ ಮಗಳು. ನರ್ಸ್ ತರಬೇತಿ ಮುಗಿಸಿ, ಎಪ್ಪತ್ತೆರಡು-ಎಪ್ಪತ್ತಮೂರರ ಸುಮಾರಿಗೆ, ಮಳವಳ್ಳಿಯಲ್ಲಿ ಒಬ್ಬ ಲೇಡಿ ಡಾಕ್ಟರು ನಡೆಸುತ್ತಿದ್ದ ಪುಟ್ಟ ಹೆರಿಗೆ ಮನೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಈಗ ಆ ಹೆರಿಗೆ ಮನೆಯೂ ಇಲ್ಲ, ಆ ಡಾಕ್ಟರಮ್ಮನೂ ಇಲ್ಲ. ಎಂಟು ಮಂಚ, ಒಬ್ಬ ಕಾಂಪೌಂಡರು, ನಾನು, ದೇವೀರಮ್ಮ ಅಂತ ಒಬ್ಬ ಆಯಾ. ಅಂಗಳದ ಬೋರಿನ ಕೈಪಂಪು ಕೆಟ್ಟಾಗ ಫಿಟ್ಟರಯ್ಯನ ಪರಿಚಯವಾಯಿತು. ಪಂಪಿನ ಹಿಡಿ ನೋಡಿ, "ಇದ್ಯಾವ್ದೋ ಸಿಡುಕು ಕೈ" ಎಂದು ನನ್ನ ಕಡೆ ತಿರುಗಿದ್ದರು. ನಿಜವೇ. ನನ್ನದು ಹುಟ್ಟಾ ಮುಂಗೋಪ. ಸಿಟ್ಟು ಬಂದರೆ ಬಾಗಿಲು, ನಲ್ಲಿ, ಡಬ್ಬಿ ಮುಚ್ಚಳ ಯಾವುದೂ ಉಳಿಯುತ್ತಿರಲಿಲ್ಲ. ನಾನು ಮುಚ್ಚಿದ ಉಪ್ಪಿನಕಾಯಿ ಜಾಡಿ ತೆಗೆಯೋಕೆ ಪಕ್ಕದ ಮನೆಯಿಂದ ಗಂಡಸರನ್ನು ಕರೀಬೇಕು ಎಂದು ಅಮ್ಮ ಬಯ್ಯುತ್ತಿದ್ದಳು.

ಆ ಹೆರಿಗೆ ಮನೆಯಲ್ಲಿ ಒಂದು ಆವಿ ಡ್ರಮ್ಮಿತ್ತು. ಆಪರೇಷನ್ನಿಗೆ ಬೇಕಾದ ಕತ್ತರಿ, ಚಿಮಟ, ಬಟ್ಟೆಗಳನ್ನು ಅದರೊಳಗಿಟ್ಟು ಮುಚ್ಚಳ ಬಿಗಿದು, ಕೆಳಗೆ ಉರಿ ಹಚ್ಚಿ ಆವಿಯಲ್ಲಿ ಬೇಯಿಸಿ ಶುದ್ಧ ಮಾಡುವುದು. ಮುಚ್ಚಳದ ಸುತ್ತ ಆರು ಹಿತ್ತಾಳೆ ಬೋಲ್ಟು. ಒಂದೊಂದಕ್ಕೂ ಕೈಯಲ್ಲೇ ತಿರುಗಿಸುವಂಥ ಎರಡು ಕಿವಿಯ ಹಿತ್ತಾಳೆ ನಟ್ಟು. ಪ್ರತಿ ಶನಿವಾರ ಅವನ್ನು ಹುಣಸೆಹಣ್ಣು ಹಾಕಿ ಫಳಫಳ ಉಜ್ಜಬೇಕು. ಕೈಯಲ್ಲಿ ಎಷ್ಟಾಗುತ್ತದೋ ಅಷ್ಟೇ ಬಿಗಿಯಬೇಕು, ಬೇರೆ ಏನನ್ನೂ ಹಾಕಬಾರದು. ಇದು ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದ ನಿಯಮ.

ಒಂದು ಬೆಳಿಗ್ಗೆ ಅಪ್ಪನ ಕಾಗದ ಬಂತು. ಮದ್ದೂರಿನ ಕಡೆಯ ಒಂದು ಸಂಬಂಧ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಹುಡುಗನ ತಾಯಿ ಕೊನೆಗೆ ಬೇಡ ಅಂದರಂತೆ. "ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ಕಂಡಕಂಡವರ ಹೆರಿಗೆ ಮಾಡಿದ ಕೈಯಲ್ಲಿ ನಮ್ಮ ದೇವರ ಮನೆಯಲ್ಲಿ ದೀಪ ಹಚ್ಚಿಸುವುದು ಹೇಗೆ" ಎಂದರಂತೆ. ಅಪ್ಪ ಪಾಪ ಒಂದು ಮಾತೂ ಬಿಡದೆ ಬರೆದಿದ್ದರು. ನಾನು ಆ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆವಿ ಡ್ರಮ್ಮು ತುಂಬಿದೆ. ಒಂದು ನಟ್ಟಿನ ಕಡೆಯಿಂದ ಆವಿ ಸುಯ್ಯೆಂದು ಸೋರುತ್ತಿತ್ತು. ಕೈಯಲ್ಲಿ ಬಿಗಿದೆ, ನಿಲ್ಲಲಿಲ್ಲ. ಸೌದೆ ಕೋಣೆಯ ಮೂಲೆಯಲ್ಲಿ ಒಂದು ಕಬ್ಬಿಣದ ಪೈಪು ಇತ್ತು. ತಂದು ನಟ್ಟಿನ ಕಿವಿಗಳ ನಡುವೆ ತೂರಿಸಿ, ಇಡೀ ಮೈಭಾರ ಬಿಟ್ಟು ತಿರುಗಿಸಿದೆ. ಮುಕ್ಕಾಲು ಸುತ್ತು. ಆವಿ ನಿಂತಿತು. ಪೈಪನ್ನು ಅಲ್ಲೇ ಬಿಸಾಕಿ ಬಚ್ಚಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಡ್ರಮ್ಮು ಆರಿದ ಮೇಲೆ ಐದು ನಟ್ಟು ಬಿಚ್ಚಿದವು, ಆರನೆಯದು ಮಿಸುಕಲಿಲ್ಲ. ಕಾಂಪೌಂಡರು ಬಂದು ಸುತ್ತಿಗೆಯಲ್ಲಿ ನಾಲ್ಕು ಬಡಿದ. ನಟ್ಟಿನ ಒಂದು ಕಿವಿ ಮುರಿದು ಸಿಡಿಯಿತು. ಅವತ್ತು ಮಧ್ಯಾಹ್ನ ಒಬ್ಬಳಿಗೆ ಹೊಟ್ಟೆ ಕೊಯ್ದು ಹೆರಿಗೆ ಮಾಡುವುದಿತ್ತು. ಮಗು ಅಡ್ಡ ಮಲಗಿತ್ತು. ಮೈಸೂರಿನಿಂದ ಅರಿವಳಿಕೆ ಕೊಡುವ ಡಾಕ್ಟರು ಬಸ್ಸು ಹತ್ತಿ ಆಗಿತ್ತು. ನಮ್ಮಲ್ಲಿದ್ದ ಒಂದೇ ಜೊತೆ ಸಲಕರಣೆ ಆ ಡ್ರಮ್ಮಿನ ಒಳಗೆ.

ಡಾಕ್ಟರಮ್ಮನ ಕಣ್ಣು ನೆಲದ ಮೇಲಿನ ಪೈಪಿನ ಮೇಲೆ ಬಿತ್ತು. "ಯಾರು ಇದನ್ನ ಹಾಕಿ ಬಿಗಿದಿದ್ದು?"

ಬಾಯಿ ಬಿಡಬೇಕಾದವಳು ನಾನು. ಕಾಂಪೌಂಡರು, "ಇನ್ಯಾರು, ಅವಳೇ ಇರ್ಬೇಕು" ಎಂದು ದೇವೀರಮ್ಮನ ಕಡೆ ಗದ್ದ ಎತ್ತಿದ. ಆಕೆ ಅದಕ್ಕೆ ಮುಂಚೆ ಎರಡು ಗಾಜಿನ ಸಿರಿಂಜು ಒಡೆದಿದ್ದಳು. ಇನ್ನೊಂದು ತಪ್ಪಾದರೆ ಮನೆಗೆ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಅವಳ ಸಂಬಳ ನಂಬಿಕೊಂಡು ಮನೆಯಲ್ಲಿ ಮೂರು ಮಕ್ಕಳಿದ್ದವು, ಮಂಚ ಹಿಡಿದ ಗಂಡ ಇದ್ದ.

"ನಾನಲ್ಲ ಕಣಮ್ಮೋ, ನಮ್ಮಪ್ಪನಾಣೆ ನಾನಲ್ಲ" ಎಂದಳು ದೇವೀರಮ್ಮ. ಅಷ್ಟು ಹೇಳಿ ಸುಮ್ಮನಾದಳು.

"ನೀನು ನೋಡಿದ್ಯಾ?" ಎಂದು ಡಾಕ್ಟರಮ್ಮ ನನ್ನನ್ನು ಕೇಳಿದರು.

"ನಾನು ನೋಡಲಿಲ್ಲ ಡಾಕ್ಟರೇ" ಎಂದೆ.

ಇಷ್ಟು ವರ್ಷವಾದರೂ ಆ ಮೂರು ಪದ ನೆನೆದರೆ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ಡಾಕ್ಟರಮ್ಮ, "ಫಿಟ್ಟರಯ್ಯ ಬರಲಿ. ಬಿಗಿದೋರು ಯಾರು ಅಂತ ಅವರೇ ಹೇಳ್ತಾರೆ. ಯಾರೇ ಆಗಿರಲಿ, ಇವತ್ತೇ ಗಂಟುಮೂಟೆ ಕಟ್ಟಲಿ. ದೇವೀರಮ್ಮ, ಹೋಗು, ಓಡಿಹೋಗಿ ಕರಕೊಂಡು ಬಾ" ಎಂದರು. ಅವಳು ಓಡಿದಳು. ನಾನು ಕೋಣೆಯಲ್ಲೇ ನಿಂತು, ಅವರು ಊರಲ್ಲಿ ಇಲ್ಲದಿರಲಿ ಅಂತ ಒಂದು ಮನಸ್ಸು, ಬೇಗ ಬರಲಿ ಅಂತ ಇನ್ನೊಂದು ಮನಸ್ಸು, ಹೀಗೆ ಒದ್ದಾಡಿದೆ. ಪಕ್ಕದ ವಾರ್ಡಿನಿಂದ ಆ ಹೆಂಗಸಿನ ನರಳಾಟ ಕೇಳುತ್ತಿತ್ತು.

ಅವರು ಬಂದರು. ಚೀಲ ಕೆಳಗಿಟ್ಟು, ಡ್ರಮ್ಮಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕನ್ನಡಕ ಮೇಲೆ ತಳ್ಳಿಕೊಂಡು ನಟ್ಟಿನ ಮೇಲೆ ಬೆರಳಾಡಿಸಿದರು. ಆಡಿಸುತ್ತಿದ್ದ ಬೆರಳು ನಿಂತಿತು. ತಿರುಗಿ, ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದ ದೇವೀರಮ್ಮನನ್ನು ಒಂದು ಸಲ ನೋಡಿದರು. ಮೀಸೆಯಡಿಯಲ್ಲಿ ನಕ್ಕ ಹಾಗಾಯಿತು. ಇದೇನು ನಗುವ ಹೊತ್ತೇ ಎಂದು ನನಗೆ ಮೈಯುರಿಯಿತು.

"ಗರಗಸ ಹಾಕಿ ಕೊಯ್ದುಬಿಡಿ" ಎಂದ ಕಾಂಪೌಂಡರು.

"ಗರಗಸ ಆಡಕ್ಕೆ ಸಂದೆಲ್ಲಿದೆ? ಉಳಿ ಮಡಗಿ ಒಡುದ್ರೆ ಮುಚ್ಚಳನೇ ಸೀಳ್ತದೆ. ನೀನು ಒಂದ್ ಕಿವಿ ಕಿತ್ತಿರೋದು ಸಾಕು, ಆಚೆಗೋಗಪ್ಪ" ಎಂದರು. ಎಲ್ಲರನ್ನೂ ಹೊರಗೆ ಕಳಿಸಿ, "ಈ ನರ್ಸವ್ವ ಒಬ್ಬಳು ಇರ್ಲಿ, ದೀಪ ಇಡ್ಕಳಕ್ಕೆ" ಎಂದರು.

ನಾವಿಬ್ಬರೇ ಉಳಿದೆವು. ಈಗ ಕೇಳುತ್ತಾರೆ ಎಂದು ನಾನು ಕಾದೆ. ಬಿಗಿದೋರು ಯಾರು ಎಂದು ಅವತ್ತು ಅವರು ಕೇಳಲೇ ಇಲ್ಲ. ಮುರಿದ ಕಿವಿಯ ಬುಡವನ್ನು ಅರದಿಂದ ಉಜ್ಜಿ, ನಟ್ಟಿಗೆ ಎದುರುಬದುರು ಎರಡು ಮಟ್ಟಸ ಮುಖ ಮಾಡಿದರು, ಸ್ಪ್ಯಾನರು ಕೂರುವ ಹಾಗೆ. ನಮ್ಮ ಸ್ಪಿರಿಟ್ ದೀಪ ತರಿಸಿ ನನ್ನ ಕೈಯಲ್ಲಿ ಹಿಡಿಸಿದರು. ನಟ್ಟು ಕಾಯುತ್ತ ಬಂದಂತೆ ಮೇಣದ ಬತ್ತಿಯ ತುಂಡೊಂದನ್ನು ಅದರ ಬುಡಕ್ಕೆ ಮುಟ್ಟಿಸಿದರು. ಮೇಣ ಕರಗಿ ಮರೆಯೊಳಗೆ ಇಳಿಯಿತು.

"ಎಷ್ಟು ಸುತ್ತು ಬಿಗಿದವ್ರೆ ಅಂತ ಗೊತ್ತಾಗಿದ್ರೆ ಸಲೀಸಾಯ್ತಿತ್ತು" ಎಂದರು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ.

"ಮುಕ್ಕಾಲು ಸುತ್ತು" ಎಂದೆ.

ಅಂದ ಮೇಲೆ ನನಗೆ ಪ್ರಜ್ಞೆ ಬಂತು. ನೋಡಲಿಲ್ಲ ಎಂದವಳಿಗೆ ಮುಕ್ಕಾಲು ಸುತ್ತು ಹೇಗೆ ಗೊತ್ತು? ಅವರು ತಲೆ ಎತ್ತಲಿಲ್ಲ. "ಮುಕ್ಕಾಲಾ? ಸರಿ ಬುಡು" ಎಂದಷ್ಟೇ ಹೇಳಿ ಸ್ಪ್ಯಾನರು ಕೂರಿಸಿದರು. ಕೂದಲೆಳೆಯಷ್ಟು ಬಿಗಿ ಮಾಡಿದರು. ಕಿರ್ರೆಂದಿತು. "ಬಾ ಮಗ, ಬಾ. ಯಾರೂ ಒಡಿಯಕ್ಕಿಲ್ಲ, ಬಾ." ನಾನು ಗಳಗಳ ಅಳುತ್ತಿದ್ದೆ. ಅದನ್ನು ಬೋಲ್ಟಿಗೆ ಹೇಳಿದರೋ ನನಗೆ ಹೇಳಿದರೋ ಎಂದು ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ನಟ್ಟು ಈಚೆ ಬಂತು, ಮುಚ್ಚಳ ಎದ್ದಿತು. ಡಾಕ್ಟರಮ್ಮ ಬಾಗಿಲಲ್ಲೇ ನಿಂತು ಕೇಳಿದರು: "ಹೇಳಿ ಫಿಟ್ಟರಯ್ಯ, ಬಿಗಿದೋರು ಯಾರು?"

ಅವರು ನಟ್ಟನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಗೋಡೆಗಂಟಿ ನಿಂತ ದೇವೀರಮ್ಮ ಸೆರಗನ್ನು ಮುರಿಗೆ ಹಾಕುತ್ತಿದ್ದಳು.

"ಯಾರ್ದೂ ತಪ್ಪಿಲ್ಲ ಕಣಮ್ಮ. ತುಕ್ಕು."

"ತುಕ್ಕಾ?"

"ಊಂ, ತುಕ್ಕು ಇಡ್ಕಂಡಿತ್ತು."

ಕಾಂಪೌಂಡರು ಕಿಸಕ್ಕೆಂದ. ಡಾಕ್ಟರಮ್ಮನಿಗೆ ಹೆರಿಗೆಯ ಚಿಂತೆ, ಹಿತ್ತಾಳೆಯ ಚಿಂತೆಯಲ್ಲ. ಫಿಟ್ಟರಯ್ಯ ಹೇಳಿದ ಮೇಲೆ ಮುಗಿಯಿತು ಎಂದು ಒಳಗೆ ಹೋದರು. ಆ ಮಧ್ಯಾಹ್ನ ಗಂಡು ಮಗು ಹುಟ್ಟಿತು, ತಾಯಿ-ಮಗು ಇಬ್ಬರೂ ಚೆನ್ನಾಗಿದ್ದರು. ದೇವೀರಮ್ಮನ ಕೆಲಸ ಉಳಿಯಿತು, ನನ್ನದೂ ಉಳಿಯಿತು. ಫಿಟ್ಟರಯ್ಯ ಹೋಗುವಾಗ ಆ ಕಬ್ಬಿಣದ ಪೈಪನ್ನು ಸೈಕಲ್ಲಿಗೆ ಕಟ್ಟಿಕೊಂಡು, "ಇದು ನಂಗ್ ಬೇಕು, ಓಯ್ತೀನಿ" ಎಂದು ತೆಗೆದುಕೊಂಡು ಹೋದರು.

ಒಂದು ವಾರ ಬಿಟ್ಟು ಮತ್ತೆ ಬಂದರು. ಹಲಸಿನ ಮರದಲ್ಲಿ ಕೆತ್ತಿದ ಒಂದು ಗಿಡ್ಡ ಹಿಡಿ ನನ್ನ ಕೈಗಿಟ್ಟರು. ನಟ್ಟಿನ ಕಿವಿಗಳಿಗೆ ಸರಿಯಾಗಿ ಕೂರುವ ಹಾಗೆ ಕಚ್ಚು ಕೊರೆದಿದ್ದರು. ಉದ್ದ ನನ್ನ ಅಂಗೈಯಷ್ಟು. "ಇದ್ರಲ್ಲಿ ಬಿಗಿಯವ್ವ. ಎಂಥಾ ಬ್ಯಾಸ್ರ ಆಗಿದ್ರೂ ಇದ್ರಲ್ಲಿ ಜಾಸ್ತಿ ಬಿಗಿಯಾಗಕ್ಕಿಲ್ಲ" ಎಂದರು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಹಿಡಿಯನ್ನು ಉಪ್ಪುಕಾಗದದಲ್ಲಿ ಎಷ್ಟು ನುಣ್ಣಗೆ ಉಜ್ಜಿದ್ದರೆಂದರೆ ಒಂದು ಸಿಬಿರೂ ಕೈಗೆ ತಾಗುತ್ತಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕಾಂಪೌಂಡರಿಗೆ ಡಾಕ್ಟರಮ್ಮನ ಮುಂದೆ ಬಾಯಿ ಬಿಡುವ ಧೈರ್ಯ ಇರಲಿಲ್ಲ, ಊರ ಮುಂದೆ ಇತ್ತು. ಕಾಫಿ ಹೋಟೆಲಿನಲ್ಲಿ, ಸೈಕಲ್ ಶಾಪಿನಲ್ಲಿ, ಕ್ಷೌರದಂಗಡಿಯಲ್ಲಿ ಹೇಳಿಕೊಂಡು ತಿರುಗಿದ: ಫಿಟ್ಟರಯ್ಯ ಹಿತ್ತಾಳೆಗೆ ತುಕ್ಕು ಹಿಡಿದಿದೆ ಅಂದನಂತೆ, ಮುದುಕನಿಗೆ ಕಣ್ಣೂ ಹೋಯಿತು, ತಲೆಯೂ ಹೋಯಿತು. ವರ್ಷಾನುಗಟ್ಟಲೆ ಅವರ ಬಾಯಲ್ಲಿ ತಮ್ಮ ತಪ್ಪು ಎತ್ತಿಸಿಕೊಂಡವರಿಗೆ ಇದಕ್ಕಿಂತ ಹಬ್ಬ ಬೇಕೇ? 'ಹಿತ್ತಾಳೆ ಫಿಟ್ಟರು' ಎಂದು ಹೆಸರಾಯಿತು. ಗಾಣದವರು, ಪಂಪ್‌ಸೆಟ್ಟಿನವರು ಒಬ್ಬೊಬ್ಬರಾಗಿ ಹೊಸದಾಗಿ ಬಂದ ವೆಲ್ಡಿಂಗ್ ಅಂಗಡಿಯ ಕಡೆ ತಿರುಗಿದರು. ಖಾಕಿ ಚೀಲ ಗೋಡೆಯ ಮೊಳೆಗೆ ಬಿತ್ತು. ಕೆಲಸ ಇಲ್ಲದೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಜಗಲಿ ಮೇಲೆ ಕೂತು ಎಲೆ-ಅಡಿಕೆ ಪೆಟ್ಟಿಗೆಯ ಮುಚ್ಚಳವನ್ನೇ ತೆಗೆಯುವುದು, ಹಾಕುವುದು. ಆ ದಾರಿಯಲ್ಲಿ ಹೋಗುವಾಗ ನಾನು ತಲೆ ತಗ್ಗಿಸಿ ಹೋಗುತ್ತಿದ್ದೆ.

ಒಂದು ಭಾನುವಾರ ಮಂಡ್ಯಕ್ಕೆ ಹೊರಟವಳು ಮದ್ದೂರಿನಲ್ಲಿ ಬಸ್ಸು ಬದಲಿಸಲು ಇಳಿದೆ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅವರು ಕೂತಿದ್ದರು. ಮಳವಳ್ಳಿಯ ಇಬ್ಬರು ಅವರ ಮುಂದೆ ಹಾದುಹೋಗುತ್ತ, "ಏನ್ ಫಿಟ್ಟರಯ್ಯ, ನಮ್ಮನೆ ಇತ್ತಾಳೆ ಕೊಳಗಕ್ಕೆ ತುಕ್ಕು ಇಡಿದದೆ, ಒಸಿ ಬಂದು ನೋಡೀರಾ?" ಎಂದು ನಕ್ಕರು. ಅವರೂ ನಕ್ಕರು. ನನಗೆ ತಡೆಯಲಾಗಲಿಲ್ಲ.

"ನಗ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?" ಎಂದು ಅವರ ಮೇಲೇ ಹರಿಹಾಯ್ದೆ. ನನ್ನ ತಪ್ಪಿಗೆ ಅವರ ಮೇಲೆ ಸಿಟ್ಟು, ನೋಡಿ ನನ್ನ ಜನ್ಮ. "ನಾಳೆನೇ ಡಾಕ್ಟರಮ್ಮನಿಗೆ ಹೇಳ್ತೀನಿ. ಊರಿಗೆಲ್ಲ ಹೇಳ್ತೀನಿ. ಬಿಗಿದಿದ್ದು ನಾ..."

"ಏಯ್!" ಎಂದರು. ಅವರು ಗದರಿದ್ದು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ದನಿ ತಗ್ಗಿಸಿದರು. "ಏಳ್ದ್ರೆ ಏನಾಯ್ತದೆ? ನಿನ್ ಕೆಲ್ಸ ಓಯ್ತದೆ. ನಾನ್ ಸುಳ್ಳುಗಾರ ಆಯ್ತೀನಿ. ಈಗ ಬರೀ ದಡ್ಡ ಆಗಿವ್ನಿ, ವಾಸಿ ಅಲ್ವಾ? ನಾನ್ ಒಂದ್ಸಲ ಬಿಗಿದಿವ್ನಿ ಕಣವ್ವ. ನಾನಿರೋಗಂಟ ಅದನ್ನ ನೀನು ಬಿಚ್ಬ್ಯಾಡ."

"ಅಷ್ಟು ತಿಳಿದೋರು ಬೇರೆ ಏನಾದ್ರೂ ಹೇಳಬಾರದಾಗಿತ್ತಾ? ಮರೆ ಸವೆದಿತ್ತು ಅಂತಲೋ, ರಬ್ಬರು ಹಳೇದು ಅಂತಲೋ. ತುಕ್ಕು ಅಂತ ಯಾಕೆ ಹೇಳಿದ್ರಿ?"

"ನಿನ್ ಬಸ್ಸು ಬಂತು, ಅತ್ಕೋ" ಎಂದರು. ಕಿಟಕಿಯಿಂದ ನೋಡಿದರೆ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಳ್ಳುತ್ತಿದ್ದರು.

ಆ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು. ಬೋಲ್ಟುಗಳ ಬಗ್ಗೆ ಅಷ್ಟು ಬಲ್ಲ ಮನುಷ್ಯ, ಸುಳ್ಳೇ ಹೇಳಬೇಕೆಂದರೆ ನೂರು ಒಳ್ಳೆಯ ಸುಳ್ಳು ಅವರ ಚೀಲದಲ್ಲಿ ಇದ್ದವು. ಯಾವ ಅಡುಗೆಮನೆಯ ಹೆಂಗಸೂ ನಂಬದ ಸುಳ್ಳನ್ನೇ ಯಾಕೆ ಆರಿಸಿಕೊಂಡರು? ಬೋಲ್ಟಿನ ಮುಂದೆ ಸುಳ್ಳು ಹೇಳಿ ರೂಢಿಯಿಲ್ಲದೆ ತಡವರಿಸಿದರು ಎಂದುಕೊಂಡೆ. ಮುಂದೆ ನನಗೆ ಮಂಡ್ಯದಲ್ಲಿ ಕೆಲಸ ಸಿಕ್ಕಿತು, ನನ್ನ ಕೈಗೆ ಹೇಸದ ಗಂಡನೂ ಸಿಕ್ಕಿದರು. ಗಿಡ್ಡ ಹಿಡಿಯನ್ನು ಡಾಕ್ಟರಮ್ಮನನ್ನು ಕೇಳಿ ನನ್ನ ಜೊತೆಗೇ ತಂದುಕೊಂಡೆ.

ಎಪ್ಪತ್ತೆಂಟರ ಆಸುಪಾಸಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಹನ್ನೊಂದನೆಯ ದಿನ ಮಳವಳ್ಳಿಗೆ ಹೋದೆ. ಮನೆಯ ಗೋಡೆಯ ಮೇಲೆ ಖಾಕಿ ಚೀಲ ಇನ್ನೂ ಹಾಗೇ ತೂಗುತ್ತಿತ್ತು. ಎಲೆ ತೊಳೆಯುತ್ತ ಹಿತ್ತಲಲ್ಲಿ ಕೂತಿದ್ದವಳು ದೇವೀರಮ್ಮ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವಳ ಪಕ್ಕ ಕೂತೆ. ಬಸ್ಸಿನಲ್ಲಿ ಇಡೀ ದಾರಿ ಕಟ್ಟಿಕೊಂಡು ಬಂದಿದ್ದ ಮಾತು ಆಡಿದೆ.

"ದೇವೀರಮ್ಮ, ಅವತ್ತು ಆವಿ ಡ್ರಮ್ಮಿನ ನಟ್ಟು ಬಿಗಿದೋಳು ನಾನು. ನಿನ್ನ ಮೇಲೆ ಬಂದಾಗ ಸುಮ್ಮನಿದ್ದೆ."

ಅವಳು ಎಲೆ ತೊಳೆಯುವುದನ್ನು ನಿಲ್ಲಿಸಲಿಲ್ಲ. "ನಂಗೊತ್ತಿಲ್ವಾ ಕಣವ್ವ? ಸೌದೆ ಕೋಣೇಲಿ ಕಸ ಗುಡಿಸ್ತಿದ್ದೆ. ನೀನು ಪೈಪ್ ತಕ್ಕಂಡು ಓಗಿದ್ದೂ ನೋಡ್ದೆ, ಬಚ್ಚಲಲ್ಲಿ ಅತ್ತಿದ್ದೂ ಕೇಳುಸ್ಕಂಡೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಏನಂತ ಏಳ್ಲಿ? ಅಳೋ ಮಗೀನ ಇಡ್ಕೊಟ್ಟು ನಾನ್ ಉಣ್ಣಕಾಯ್ತದಾ? ಡಾಕ್ಟ್ರಮ್ಮ ಕಳ್ಸುದ್ರಲ್ಲ, ದಾರಿವುದ್ದಕ್ಕೂ ಫಿಟ್ಟರಯ್ಯನ ಕೈಕಾಲು ಕಟ್ಕಂಡೆ. ಯಾರು ಬಿಗಿದ್ರು ಅಂತ ಮಾತ್ರ ಏಳ್ಬ್ಯಾಡಿ, ನಾನಂತೂ ಅಲ್ಲ, ಆ ನರ್ಸವ್ವಂಗೆ ಏನೋ ಸಂಕ್ಟ, ಅವಳ್ನೂ ಇಡ್ಕೊಡಬ್ಯಾಡಿ, ತುಕ್ಕು ಇಡ್ಕಂಡಿತ್ತು ಅಂದ್ಬುಡಿ ಅಂತ. ಗಾಬ್ರೀಲಿ ಬಾಯಿಗೆ ಅದೇ ಬಂತು. ಆಯ್ತು ಕಣವ್ವ ಅಂದ್ರು."

ಡ್ರಮ್ಮಿನ ಮುಂದೆ ಕೂತು, ನಟ್ಟಿನ ಮೇಲೆ ಬೆರಳಾಡಿಸಿ, ತಿರುಗಿ ಅವಳನ್ನು ನೋಡಿ ಅವರು ನಕ್ಕದ್ದು ನನ್ನ ಕಣ್ಣಮುಂದೆ ಬಂತು. ಮಾತು ಕೊಟ್ಟದ್ದು ದಾರಿಯಲ್ಲಿ. ನಟ್ಟು ಹಿತ್ತಾಳೆಯದು ಅಂತ ಕಂಡದ್ದು ಆಮೇಲೆ.

"ಶನಿವಾರ ಉಣಸೆಹಣ್ಣಾಕಿ ಉಜ್ಜೋವಾಗ ನಂಗೆ ಒಳೀತು" ಎಂದಳು ದೇವೀರಮ್ಮ. "ಅಯ್ಯೋ ಸಿವನೇ, ಇದು ಇತ್ತಾಳೆ ಅಲ್ವಾ ಅಂತ. ಓಡ್ಬಂದು ಇದೇ ಮನೆ ಜಗಲೀಲಿ ನಿಂತ್ಕಂಡು ಕೇಳ್ದೆ. ಬ್ಯಾರೆ ಏನಾರ ಏಳ್ಬಾರ್ದಾಗಿತ್ತಾ ಸ್ವಾಮಿ, ಊರೆಲ್ಲಾ ನಗ್ತಾವರಲ್ಲಾ ಅಂತ. ಏನಂದ್ರು ಗೊತ್ತಾ? ನೀನು ತುಕ್ಕು ಅಂದೆ, ನಾನು ಆಯ್ತು ಅಂದೆ, ಮುಗೀತಲ್ಲ, ಓಗು ಮನೆಗೆ ಅಂದ್ರು."

ಅಷ್ಟು ಹೇಳಿ ಅವಳು ಸೆರಗಿಗೆ ಮುಖ ಒರೆಸಿಕೊಂಡಳು. ಒಳಗೆ ಬಡಿಸಲು ಕರೆಯುತ್ತಿದ್ದರು. ಪಂಕ್ತಿಯಲ್ಲಿ ಯಾರೋ ಆಗಲೇ ಹಿತ್ತಾಳೆ ಫಿಟ್ಟರ ಕಥೆ ಶುರು ಮಾಡಿದ್ದರು. ನಾನು ಒಳಗೆ ಹೋದೆ, ಗೋಡೆಯ ಮೇಲಿದ್ದ ಖಾಕಿ ಚೀಲದ ಕೆಳಗೆ ನಿಂತೆ, ಅಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ ಹೇಳಿದೆ. ಅವತ್ತು ಅವರು ನನ್ನನ್ನು ಕೇಳದೆ ಬಿಟ್ಟ ಪ್ರಶ್ನೆಗೆ ಇಲ್ಲೂ ಇನ್ನೊಂದು ಸಲ ಉತ್ತರ ಬರೆದಿಡುತ್ತೇನೆ.

ಬಿಗಿದವಳು ನಾನು, ಫಿಟ್ಟರಯ್ಯ. ಕಬ್ಬಿಣದ ಪೈಪು ಹಾಕಿ, ಮುಕ್ಕಾಲು ಸುತ್ತು.